ಕುಡಿತ ಬಿಡಿಸಲು ಯಾವ ದಾರಿ: ಆಸ್ಪತ್ರೆ, ಕೇಂದ್ರ, ಶಿಬಿರ, ಮಾತ್ರೆಗಳ ಒಂದು ಹೋಲಿಕೆ

“ಒಳ್ಳೆಯ ಸೆಂಟರ್ ಯಾವುದಾದರೂ ಇದ್ದರೆ ಹೇಳಿ, ದುಡ್ಡು ಹೇಗೋ ಹೊಂದಿಸುತ್ತೇವೆ.” ಕುಡಿತದಿಂದ ಬಸವಳಿದ ಮನೆಗಳಿಂದ ಬರುವ ಮೊದಲ ಮಾತು ಸಾಮಾನ್ಯವಾಗಿ ಇದೇ. ಗಂಡನ ಬಗ್ಗೆ ಹೆಂಡತಿ ಕೇಳಲಿ, ಮಗನ ಬಗ್ಗೆ ತಂದೆ ಕೇಳಲಿ, ಪ್ರಶ್ನೆ ಬದಲಾಗುವುದಿಲ್ಲ. ಒಂದು ಹೆಸರು, ಒಂದು ಫೋನ್ ನಂಬರ್ ಕೊಟ್ಟು ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಇಲ್ಲಿರುವುದು ಒಂದು ಕೆಲಸವಲ್ಲ, ಎರಡು. ಕುಡಿತ ನಿಂತ ಮೊದಲ ವಾರವನ್ನು ಜೀವಕ್ಕೆ ಅಪಾಯವಾಗದಂತೆ ದಾಟಿಸುವುದು ಒಂದು. ಆಮೇಲಿನ ವರ್ಷವಿಡೀ ಅದು ಮರಳದಂತೆ ನೋಡಿಕೊಳ್ಳುವುದು ಇನ್ನೊಂದು. ನಮ್ಮಲ್ಲಿ ಎಷ್ಟೋ ಕುಟುಂಬಗಳು ಸಾಲ ಮಾಡಿ ತಂದ ಹಣವನ್ನೆಲ್ಲ ಮೊದಲ ತಿಂಗಳಿಗೇ ಸುರಿದು, ಎರಡನೆಯ ತಿಂಗಳಿಗೆ ಬರಿಗೈಯಲ್ಲಿ ನಿಲ್ಲುತ್ತವೆ. ಹಾಗಾಗಿ ಇಲ್ಲಿ ಬರುವ ಪ್ರತಿಯೊಂದು ದಾರಿಯನ್ನೂ ಎರಡೇ ಪ್ರಶ್ನೆ ಹಾಕಿ ಅಳೆಯುತ್ತೇನೆ. ಮೂರನೆಯ ರಾತ್ರಿ ಅಲ್ಲಿ ಯಾರಿರುತ್ತಾರೆ? ಮೂರನೆಯ ತಿಂಗಳಲ್ಲಿ ಯಾರಿರುತ್ತಾರೆ?

ಆಯ್ಕೆಯ ಮಾತು ಆಡುವಾಗ ಇನ್ನೊಂದು ಸಂಗತಿಯನ್ನು ಮರೆಯಬಾರದು. ಹೆಚ್ಚಿನವರು ಯಾವ ದಾರಿಯನ್ನೂ ಆರಿಸಿಕೊಳ್ಳುವುದೇ ಇಲ್ಲ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರು ಮಾತ್ರ ಯಾವುದಾದರೂ ಒಂದು ಚಿಕಿತ್ಸೆ ಪಡೆದಿದ್ದರು. ಆಸ್ಪತ್ರೆಯಲ್ಲಿ ದಾಖಲಾಗಿ ಪಡೆದವರು 180ರಲ್ಲಿ ಒಬ್ಬರು. ಅಂದರೆ ಇಲ್ಲಿ ಹೋಲಿಸುತ್ತಿರುವ ದಾರಿಗಳಲ್ಲಿ ಅತಿ ಸಾಧಾರಣವಾದದ್ದನ್ನು ಹಿಡಿದವರೂ ಬಹುಪಾಲು ಜನರಿಗಿಂತ ಮುಂದಿದ್ದಾರೆ.

ಮೊದಲು ಅಳತೆ

ಎಷ್ಟು ಕುಡಿಯುತ್ತೀರಿ ಎಂದು ಕೇಳಿದರೆ “ಒಂದು ಕ್ವಾರ್ಟರ್, ಅಷ್ಟೇ” ಎನ್ನುತ್ತಾರೆ. ಲೆಕ್ಕ ಹಾಕಿ ನೋಡೋಣ. ನಮ್ಮಲ್ಲಿ ಮಾರುವ ವಿಸ್ಕಿ, ರಮ್, ಬ್ರಾಂದಿಗಳಲ್ಲಿ ಮದ್ಯಸಾರ ಸಾಮಾನ್ಯವಾಗಿ ಶೇ 42.8. 180 ಮಿಲಿಲೀಟರಿನ ಕ್ವಾರ್ಟರಿನಲ್ಲಿ ಸುಮಾರು 61 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಲ್ಲಿ 10 ಗ್ರಾಂ ಎಂದರೆ ಒಂದು ಡ್ರಿಂಕ್. ಆ “ಅಷ್ಟೇ” ಎಂಬುದರಲ್ಲಿ ಆರು ಡ್ರಿಂಕ್ ಅಡಗಿದೆ. 90 ಮಿಲಿಲೀಟರಿನ ಟೆಟ್ರಾ ಪ್ಯಾಕಿನಲ್ಲಿ ಮೂರು. “ನಾನು ಬಿಯರ್ ಮಾತ್ರ” ಎನ್ನುವವರ 650 ಮಿಲಿಲೀಟರಿನ ಸ್ಟ್ರಾಂಗ್ ಬಿಯರ್ ಶೇ 8ರದ್ದಾದರೆ ಅದರಲ್ಲಿ ನಾಲ್ಕು. ಎರಡು ಬಾಟಲಿಗೆ ಕ್ವಾರ್ಟರನ್ನೂ ಮೀರಿತು.

ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ‘ಆಡಿಟ್’ ಎಂಬ ಹತ್ತು ಪ್ರಶ್ನೆಗಳ ಪಟ್ಟಿಯೊಂದಿದೆ. ಒಟ್ಟು 40 ಅಂಕ. ಎಂಟು ಮುಟ್ಟಿದರೆ ಕುಡಿತ ಅಪಾಯದ ದಾರಿ ಹಿಡಿದಿದೆ ಎಂದು ಅರ್ಥ. ಅಲ್ಲಿ ವೈದ್ಯರೋ ಆರೋಗ್ಯ ಕಾರ್ಯಕರ್ತರೋ ಕೂತು ಆಡುವ ನೇರ ಮಾತೇ ಬಹಳಷ್ಟು ಜನರಿಗೆ ಸಾಕಾಗುತ್ತದೆ. 16ರಿಂದ 19ರ ನಡುವೆ ಆಪ್ತಸಮಾಲೋಚನೆ ಮತ್ತು ಮೇಲಿಂದ ಮೇಲೆ ತಪಾಸಣೆ ಬೇಕು. 20 ಮುಟ್ಟಿದರೆ ತಜ್ಞರ ಬಳಿ ಹೋಗಬೇಕು. ವಾರಾಂತ್ಯಕ್ಕೆ ಮಾತ್ರ ಮಿತಿಮೀರಿ ಕುಡಿಯುವ ಹುಡುಗನನ್ನು ಹಿಡಿದು ತಂದು ಮೂರು ತಿಂಗಳು ಕೇಂದ್ರದಲ್ಲಿ ಕೂಡಿಹಾಕುವ ಮನೆಗಳಿವೆ. ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುವ, ನಡುಕ ನಿಲ್ಲಿಸಲು ಆರು ಗಂಟೆಗೇ ಅಂಗಡಿಯ ಹಿಂಬಾಗಿಲು ತಟ್ಟುವ ವ್ಯಕ್ತಿಯನ್ನು “ಮನಸ್ಸು ಗಟ್ಟಿ ಮಾಡಿಕೊ” ಎಂದು ಮನೆಯಲ್ಲೇ ಬಿಡುವ ಮನೆಗಳೂ ಇವೆ. ಎರಡೂ ತಿರುಗುಮುರುಗು.

ದೇಹಕ್ಕೆ ಆಗಿರುವ ಹಾನಿಯೂ ಆಯ್ಕೆಯನ್ನು ತೀರ್ಮಾನಿಸುತ್ತದೆ. ಯಕೃತ್ತಿನಲ್ಲಿ ಕೊಬ್ಬು ತುಂಬುವ ಮೊದಲ ಹಂತದಲ್ಲಿ ನೋವಿಲ್ಲ, ಸುಳಿವಿಲ್ಲ. ಕುಡಿತ ನಿಂತರೆ ಕೆಲವೇ ವಾರಗಳಲ್ಲಿ ಅದು ಸರಿಹೋಗಬಹುದು. ಯಕೃತ್ತು ಗಟ್ಟಿಯಾಗಿ ಕೆಲಸ ಕೆಡುವ ಸಿರೋಸಿಸ್ ಹಂತಕ್ಕೆ ಹೋದ ಮೇಲೆ ಹಿಂದಿನ ಸ್ಥಿತಿಗೆ ಬರುವುದು ಕಷ್ಟ, ಆದರೆ ಆಗಲೂ ಬಿಟ್ಟವರ ಆಯುಷ್ಯ ಕುಡಿಯುತ್ತಲೇ ಇರುವವರಿಗಿಂತ ಹೆಚ್ಚು. ಮೇದೋಜೀರಕ ಗ್ರಂಥಿಯ ಊತ, ಪಾದಗಳ ಉರಿ ಮತ್ತು ಜೋಮು, ರಕ್ತದೊತ್ತಡ, ಹೃದಯ ಸ್ನಾಯುವಿನ ದೌರ್ಬಲ್ಯ ಇವೆಲ್ಲ ಇದರ ಬಳಗ. ಮದ್ಯಪಾನ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಖಚಿತಪಡಿಸಿತು. ಬಾಯಿ, ಗಂಟಲು, ಅನ್ನನಾಳ, ಯಕೃತ್ತು, ದೊಡ್ಡ ಕರುಳು, ಸ್ತನ ಇವೆಲ್ಲ ಈಗ ಆ ಪಟ್ಟಿಯಲ್ಲಿವೆ. “ಔಷಧಿಯ ಹಾಗೆ ಸ್ವಲ್ಪ” ಎನ್ನುವವರಿಗೆ ಒಂದು ಮಾತು: ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು. ಎಲ್ಲಿಗೇ ಹೋಗುವುದಾದರೂ ಲಿವರ್ ಪರೀಕ್ಷೆಯ ವರದಿ ಕೈಯಲ್ಲಿರಲಿ. ಅದರಲ್ಲಿ ಎಸ್‌ಜಿಒಟಿ ಎಂಬ ಕಿಣ್ವದ ಅಂಕಿ ಎಸ್‌ಜಿಪಿಟಿ ಎಂಬ ಇನ್ನೊಂದು ಕಿಣ್ವದ ಎರಡು ಪಟ್ಟು ದಾಟಿದ್ದರೆ ವೈದ್ಯರಿಗೆ ಕುಡಿತದ ಸಂಶಯ ಬರುತ್ತದೆ. ಯಾವ ಮಾತ್ರೆ ಕೊಡಬಹುದು, ಯಾವುದನ್ನು ಕೊಡಬಾರದು ಎಂಬುದನ್ನು ತೀರ್ಮಾನಿಸಲೂ ಇದೇ ವರದಿ ಬೇಕು.

ಮೂರನೆಯ ರಾತ್ರಿ

ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದಾಗ ಆಗುವುದಕ್ಕೆ ಒಂದು ವೇಳಾಪಟ್ಟಿಯೇ ಇದೆ. ಆರೇಳು ಗಂಟೆಗಳಲ್ಲಿ ಕೈ ನಡುಕ, ಬೆವರು, ವಾಂತಿ, ಚಡಪಡಿಕೆ ಶುರು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ‘ಡೆಲಿರಿಯಂ’ ಎಂಬ ಬುದ್ಧಿಭ್ರಮಣೆಯ ಸ್ಥಿತಿ ಬರುತ್ತದೆ. ಅದನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ವಾರ್ಡಿನ ಮಂಚದ ಮೇಲಿರುವ ಲಾರಿ ಚಾಲಕ ಗಾಳಿಯಲ್ಲೇ ಸ್ಟೀರಿಂಗ್ ತಿರುಗಿಸುತ್ತಾನೆ, ಇಲ್ಲದ ಗೇರ್ ಬದಲಿಸುತ್ತಾನೆ, ಎದುರು ಬರುವ ವಾಹನಕ್ಕೆ ಬೈಯುತ್ತಾನೆ. ದರ್ಜಿಯ ಬೆರಳುಗಳು ಕಾಣದ ಬಟ್ಟೆಯನ್ನು ಮಡಚುತ್ತವೆ. ಗೋಡೆಯ ಮೇಲೆ ಹುಳ ಹರಿಯುತ್ತದೆ ಎಂದು ಬೆಡ್‌ಶೀಟ್ ಕೊಡವುತ್ತಾರೆ. ದಿನ ಯಾವುದು, ಊರು ಯಾವುದು ತಿಳಿಯುವುದಿಲ್ಲ. ಹಳ್ಳಿಯಲ್ಲಿ ಇದನ್ನು ಗಾಳಿ ಸೋಕಿದ್ದು ಎಂದು ತಾಯತ ಕಟ್ಟಿಸಲು ಓಡುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಇದು ಸಾವಿನಲ್ಲಿ ಮುಗಿಯಬಹುದು. ಚಿಕಿತ್ಸೆ ಸಿಕ್ಕರೆ ಬಹುತೇಕರು ಕೆಲವು ದಿನಗಳಲ್ಲಿ ಚೇತರಿಸಿಕೊಳ್ಳುತ್ತಾರೆ.

ಚಿಕಿತ್ಸೆಯೇನೂ ದುಬಾರಿಯಲ್ಲ. ಕ್ಲೋರ್‌ಡೈಯಜೆಪಾಕ್ಸೈಡ್ ಅಥವಾ ಡಯಾಜೆಪಾಮ್ ಮಾತ್ರೆಯನ್ನು ಮೊದಲ ದಿನಗಳಲ್ಲಿ ಸಾಕಷ್ಟು ಕೊಟ್ಟು, ವಾರದೊಳಗೆ ಇಳಿಸುತ್ತಾ ಬಂದು ನಿಲ್ಲಿಸುತ್ತಾರೆ. ಯಕೃತ್ತು ಕೆಟ್ಟಿದ್ದರೆ ಲೋರಾಜೆಪಾಮ್ ಕೊಡುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ಬಿ1 ವಿಟಮಿನ್. ಈ ಕೊನೆಯದನ್ನು ಹಗುರವಾಗಿ ಕಾಣುವಂತಿಲ್ಲ. ಊಟ ಬಿಟ್ಟು ವರ್ಷಗಟ್ಟಲೆ ಕುಡಿದವರಿಗೆ ಥಯಾಮಿನ್ ಇಲ್ಲದೆ ಬರೀ ಗ್ಲೂಕೋಸ್ ಡ್ರಿಪ್ ಹಾಕಿದರೆ ಮಿದುಳಿಗೆ ಪೆಟ್ಟು ಬೀಳಬಹುದು, ನೆನಪಿನ ಶಕ್ತಿ ಕಾಯಮ್ಮಾಗಿ ಹೋಗಬಹುದು. “ಸುಸ್ತಾಗಿದ್ದಾನೆ, ಒಂದು ಬಾಟ್ಲು ಗ್ಲೂಕೋಸ್ ಏರಿಸಿ” ಎಂದು ಹತ್ತಿರದ ಕ್ಲಿನಿಕ್ಕಿಗೆ ಹೋಗುವವರು “ಕುಡಿಯುವವರು, ಥಯಾಮಿನ್ ಕೊಟ್ಟಿರಾ?” ಎಂದು ಕೇಳುವುದನ್ನು ಕಲಿಯಬೇಕು.

ಮನೆಯಲ್ಲೇ ಇದ್ದು ನಿಲ್ಲಿಸುವುದೋ, ದಾಖಲಾಗುವುದೋ? ಹಿಂದೆ ಎಂದಾದರೂ ನಿಲ್ಲಿಸಿದಾಗ ಫಿಟ್ಸ್ ಬಂದಿದ್ದರೆ, ಬುದ್ಧಿಭ್ರಮಣೆಯಾಗಿದ್ದರೆ, ಕಾಮಾಲೆ, ರಕ್ತವಾಂತಿ, ಹೃದ್ರೋಗವಿದ್ದರೆ, ಆತ್ಮಹತ್ಯೆಯ ಮಾತಾಡುತ್ತಿದ್ದರೆ, ಗರ್ಭಿಣಿಯಾಗಿದ್ದರೆ, ಮನೆಯಲ್ಲಿ ನೋಡಿಕೊಳ್ಳಲು ಕುಡಿಯದ ಒಬ್ಬರೂ ಇಲ್ಲದಿದ್ದರೆ ದಾಖಲಾಗುವುದೇ ಸರಿ, ಅದರಲ್ಲಿ ಎರಡನೆಯ ಮಾತಿಲ್ಲ. ಇವ್ಯಾವುವೂ ಇಲ್ಲದ ಆರೋಗ್ಯವಂತರು ವೈದ್ಯರು ಬರೆದ ಮಾತ್ರೆಗಳೊಂದಿಗೆ ಮನೆಯಲ್ಲೇ ದಾಟಬಹುದು. ಆದರೆ ಮಾತ್ರೆಯ ಪೊಟ್ಟಣ ಹೆಂಡತಿಯ ಬಳಿಯೋ ತಾಯಿಯ ಬಳಿಯೋ ಇರಬೇಕು, ದಿನ ಬಿಟ್ಟು ದಿನವಾದರೂ ವೈದ್ಯರಿಗೆ ಮುಖ ತೋರಿಸಬೇಕು. ಈ ಮಾತ್ರೆಗಳ ಮೇಲೆ ಕುಡಿದರೆ ಉಸಿರು ಕಟ್ಟುವ ಅಪಾಯವಿದೆ. ತಿಂಗಳುಗಟ್ಟಲೆ ನುಂಗಿದರೆ ಅವೂ ಚಟವಾಗುತ್ತವೆ.

ಸರ್ಕಾರಿ ಆಸ್ಪತ್ರೆ

ನನ್ನನ್ನು ಕೇಳಿದರೆ ಮೊದಲ ಬಾಗಿಲು ಇದೇ. ಜಿಲ್ಲಾ ಆಸ್ಪತ್ರೆ ಮತ್ತು ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಮನೋವೈದ್ಯ ವಿಭಾಗವಿರುತ್ತದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವೂ ಇರುತ್ತದೆ. ದೇಶಕ್ಕೆಲ್ಲ ಹರಡಿದ ಈ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ. ತಾಲ್ಲೂಕು ಆಸ್ಪತ್ರೆಗಳಿಗೆ ‘ಮನೋಚೈತನ್ಯ’ ಕಾರ್ಯಕ್ರಮದಡಿ ಮಂಗಳವಾರಗಳಂದು ಮನೋವೈದ್ಯರು ಬರುವ ವ್ಯವಸ್ಥೆಯಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲೇ ವಿಚಾರಿಸಿಕೊಳ್ಳಿ.

ಮೂರನೆಯ ರಾತ್ರಿಯ ಪ್ರಶ್ನೆಗೆ ಇಲ್ಲಿ ಉತ್ತರ ಗಟ್ಟಿಯಾಗಿದೆ: ಡ್ಯೂಟಿ ಡಾಕ್ಟರ್, ನರ್ಸ್, ಫಿಟ್ಸ್ ಬಂದರೆ ಪಕ್ಕದಲ್ಲೇ ತುರ್ತು ವಿಭಾಗ. ಖರ್ಚು ಅತ್ಯಲ್ಪ. ಕೊರತೆಗಳೂ ಕಣ್ಣಿಗೆ ಹೊಡೆಯುವಂತಿವೆ. ಸಾಲು ಉದ್ದ, ಮಾತಾಡಲು ಸಿಗುವ ಸಮಯ ಕಡಿಮೆ, ಕೆಲವೊಮ್ಮೆ ಮಾತ್ರೆಯನ್ನು ಹೊರಗೆ ಕೊಳ್ಳಬೇಕು, ಜೊತೆಗೆ ಮನೆಯವರೊಬ್ಬರು ಕೆಲಸ ಬಿಟ್ಟು ನಿಲ್ಲಬೇಕು. ಈ ಕೊನೆಯದನ್ನು ಜನ ತೊಂದರೆ ಎಂದು ದೂರುತ್ತಾರೆ. ಮಾತ್ರೆ ಯಾವುದು, ಕೋಪ ಯಾವಾಗ ಏರುತ್ತದೆ, ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಿಲ್ಲ ಎಂದು ಮನೆಯವರು ಕಲಿಯುವುದು ಆ ದಿನಗಳಲ್ಲೇ. ಹಾಗಾಗಿ ನಾನಂತೂ ಅದನ್ನು ಲಾಭದ ಲೆಕ್ಕಕ್ಕೆ ಬರೆದುಕೊಳ್ಳುತ್ತೇನೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಮೀಸಲಾದ ಕೇಂದ್ರವಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಕುಡಿತದ ಜೊತೆಗೆ ಖಿನ್ನತೆ, ಸಂಶಯ ರೋಗ, ಬೇರೆ ಮಾದಕ ವಸ್ತುಗಳೂ ಸೇರಿಕೊಂಡಿದ್ದರೆ ಇಲ್ಲಿಗೆ ಬರುವುದು ಸೂಕ್ತ. ಬೀದರ್‌ನಿಂದ ಬೆಂಗಳೂರಿಗೆ ಬರೀ ಹೆಸರಿಗಾಗಿ ಬಂದರೆ ಮಾತ್ರ ಮೂರನೆಯ ತಿಂಗಳ ಪ್ರಶ್ನೆಯಲ್ಲಿ ಸೋಲುತ್ತೀರಿ. ಹದಿನೈದು ದಿನಕ್ಕೊಮ್ಮೆ ರಾತ್ರಿ ರೈಲು ಹತ್ತಿ ಬರುವ ಉತ್ಸಾಹ ಎಷ್ಟು ತಿಂಗಳು ಉಳಿದೀತು? ದೊಡ್ಡ ಆಸ್ಪತ್ರೆಯಲ್ಲಿ ಒಮ್ಮೆ ಪೂರ್ತಿ ತಪಾಸಣೆ ಮಾಡಿಸಿ, ಚೀಟಿ ಹಿಡಿದು ಊರಿನ ಹತ್ತಿರದ ಮನೋವೈದ್ಯರಲ್ಲಿ ಮುಂದುವರಿಸುವುದು ಜಾಣತನ.

ಖಾಸಗಿ ವ್ಯಸನಮುಕ್ತಿ ಕೇಂದ್ರ

ಈ ಹೆಸರಿನಡಿ ಆಕಾಶ ಪಾತಾಳದ ಅಂತರವಿರುವ ಸ್ಥಳಗಳಿವೆ. ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ನರ್ಸ್‌ಗಳು ಇರುವ ಒಳ್ಳೆಯ ಆಸ್ಪತ್ರೆಗಳು ಒಂದು ಕಡೆ. ಊರಾಚೆ ಬಾಡಿಗೆ ಮನೆ ಹಿಡಿದು, ಕಿಟಕಿಗೆ ಸರಳು ಹಾಕಿಸಿ, ಬೋರ್ಡ್ ನೇತುಹಾಕಿದವು ಇನ್ನೊಂದು ಕಡೆ. “ನೀವು ಏನೂ ಮಾಡಬೇಡಿ, ನಮ್ಮ ಹುಡುಗರೇ ಗಾಡಿ ತಂದು ಕರೆದುಕೊಂಡು ಹೋಗುತ್ತಾರೆ” ಎನ್ನುವವರ ಬಗ್ಗೆ ಎಚ್ಚರವಾಗಿರಿ.

ಕಾನೂನು ಇಲ್ಲಿ ಸ್ಪಷ್ಟವಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ವ್ಯಾಖ್ಯೆಯಲ್ಲಿ ಮದ್ಯದ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಗಳೂ ಸೇರಿವೆ. ಇಂಥವರನ್ನು ದಾಖಲು ಮಾಡಿಕೊಂಡು ಚಿಕಿತ್ಸೆ ಕೊಡುವ ಸಂಸ್ಥೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಿರಬೇಕು. ತಾವಾಗಿಯೇ ದಾಖಲಾದವರು ತಾವಾಗಿಯೇ ಬಿಡುಗಡೆ ಕೇಳಬಹುದು. ಒಪ್ಪಿಗೆಯಿಲ್ಲದವರನ್ನು ಸೇರಿಸಿಕೊಳ್ಳಲು ಇಬ್ಬರು ತಜ್ಞರು ಪ್ರತ್ಯೇಕವಾಗಿ ಪರೀಕ್ಷಿಸಬೇಕು, ಅವರಲ್ಲಿ ಒಬ್ಬರು ಮನೋವೈದ್ಯರಾಗಿರಬೇಕು, ತನಗೋ ಇತರರಿಗೋ ಅಪಾಯದಂಥ ಗಂಭೀರ ಕಾರಣವಿರಬೇಕು. ಆಗಲೂ ಮೊದಲ ಅವಧಿ 30 ದಿನ ಮೀರುವಂತಿಲ್ಲ. ಸರಪಳಿ ಹಾಕುವುದನ್ನು ಯಾವ ರೂಪದಲ್ಲೂ ಕಾಯ್ದೆ ನಿಷೇಧಿಸಿದೆ. ಫೋನ್ ಮಾಡುವ, ಭೇಟಿಯಾಗುವವರನ್ನು ಕಾಣುವ ಹಕ್ಕು ರೋಗಿಗೆ ಇದೆ. “ಮೊದಲ ಮೂರು ತಿಂಗಳು ಮನೆಯವರು ನೋಡುವಂತಿಲ್ಲ” ಎಂಬ ನಿಯಮ ಹೇಳಿದ ಕೂಡಲೇ ಎದ್ದು ಬನ್ನಿ.

ಹಣ ಕಟ್ಟುವ ಮೊದಲು ಹೋಗಿ ನೋಡಿ, ಫೋನಿನಲ್ಲೇ ತೀರ್ಮಾನ ಬೇಡ. ನೋಂದಣಿ ಪ್ರಮಾಣಪತ್ರ ತೋರಿಸಲು ಹೇಳಿ. ಮನೋವೈದ್ಯರು ವಾರಕ್ಕೆ ಎಷ್ಟು ಸಲ ಬರುತ್ತಾರೆ, ರಾತ್ರಿ ನರ್ಸ್ ಇರುತ್ತಾರೆಯೇ, ಫಿಟ್ಸ್ ಬಂದರೆ ಯಾವ ಆಸ್ಪತ್ರೆಗೆ ಒಯ್ಯುತ್ತೀರಿ, ಬಿಡುಗಡೆಯಾದ ಮೇಲೆ ಯಾರು, ಎಷ್ಟು ದಿನಕ್ಕೊಮ್ಮೆ ನೋಡುತ್ತಾರೆ ಎಂದು ಕೇಳಿ. ಈ ಕೊನೆಯ ಪ್ರಶ್ನೆಗೆ ತಡವರಿಸುವವರು ನಿಮಗೆ ಮಾರುತ್ತಿರುವುದು ಮೊದಲ ತಿಂಗಳನ್ನು ಮಾತ್ರ. ಅಡುಗೆಮನೆ, ಶೌಚಾಲಯ ನೋಡಿದರೂ ಬಹಳಷ್ಟು ತಿಳಿಯುತ್ತದೆ. “ನೂರಕ್ಕೆ ನೂರು ಗ್ಯಾರಂಟಿ” ಎಂದವರನ್ನು ನಂಬಬೇಡಿ. ಯಾವ ದೇಶದಲ್ಲೂ ಯಾರಿಗೂ ಅಂಥ ಫಲಿತಾಂಶ ಬಂದಿಲ್ಲ. ವಿಮೆಯ ಮೇಲೂ ಭರವಸೆ ಬೇಡ. ನಮ್ಮ ದೇಶದ ಹೆಚ್ಚಿನ ಆರೋಗ್ಯ ವಿಮೆಗಳಲ್ಲಿ ಮದ್ಯ ಮತ್ತು ಮಾದಕ ವ್ಯಸನದ ಚಿಕಿತ್ಸೆಯನ್ನು ಹೊರಗಿಡುವ ಷರತ್ತು ಇರುತ್ತದೆ, ಪಾಲಿಸಿ ತೆಗೆದು ಓದಿಕೊಳ್ಳಿ.

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ಅನುದಾನದಿಂದ ಸ್ವಯಂಸೇವಾ ಸಂಸ್ಥೆಗಳು ನಡೆಸುವ ಪುನರ್ವಸತಿ ಕೇಂದ್ರಗಳು ಬೇರೆಯೇ ಇವೆ, ಅಲ್ಲಿ ಚಿಕಿತ್ಸೆ ಉಚಿತ. ನಿಮ್ಮ ಜಿಲ್ಲೆಯಲ್ಲಿ ಇದೆಯೇ ಎಂದು 14446 ಸಹಾಯವಾಣಿಯಲ್ಲಿ ವಿಚಾರಿಸಬಹುದು.

ಮದ್ಯವರ್ಜನ ಶಿಬಿರ

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಶಿಬಿರಗಳನ್ನು ಕಾಣದ ತಾಲ್ಲೂಕು ರಾಜ್ಯದಲ್ಲಿ ಕಡಿಮೆ. ಊರಿನ ಸಭಾಭವನದಲ್ಲೋ ಕಲ್ಯಾಣ ಮಂಟಪದಲ್ಲೋ ಸುಮಾರು ಎಂಟು ದಿನ. ಯೋಗ, ಭಜನೆ, ಉಪನ್ಯಾಸ, ಗುಂಪು ಸಲಹೆ, ಕುಟುಂಬದವರ ಭೇಟಿ. ತಮಿಳುನಾಡಿನ ಮಂಜಕ್ಕುಡಿಯಲ್ಲಿ ಚೆನ್ನೈನ ಟಿ.ಟಿ. ರಂಗನಾಥನ್ ಪ್ರತಿಷ್ಠಾನ 1989ರಿಂದ ನಡೆಸಿದ ಹದಿನೈದು ದಿನಗಳ ಗ್ರಾಮ ಶಿಬಿರಗಳು ವೈದ್ಯಕೀಯ ಚಿಕಿತ್ಸೆಯನ್ನೂ ಒಳಗೊಂಡ ಇಂಥದೇ ಪ್ರಯತ್ನ.

ಶಿಬಿರಕ್ಕಿರುವ ಬಲ ಆಸ್ಪತ್ರೆಗಿಲ್ಲ. ಊರೆಲ್ಲ ನೋಡುತ್ತಿರುವಾಗ, ಹೆಂಡತಿ ಮಕ್ಕಳ ಎದುರು “ಬಿಟ್ಟೆ” ಎಂದವನಿಗೆ ಆ ಮಾತೇ ಬೇಲಿಯಾಗುತ್ತದೆ. ಆಸ್ಪತ್ರೆಯ ಬಾಗಿಲು ತುಳಿಯಲು ನಾಚುವವರು ಇಲ್ಲಿಗೆ ಬರುತ್ತಾರೆ. ಆಮೇಲೆ ‘ನವಜೀವನ ಸಮಿತಿ’ ಎಂಬ ಹೆಸರಿನಲ್ಲಿ ಬಿಟ್ಟವರ ಗುಂಪು ಊರಲ್ಲೇ ಸೇರುತ್ತದೆ. ಮೂರನೆಯ ತಿಂಗಳ ಪ್ರಶ್ನೆಗೆ ಇಷ್ಟು ಹತ್ತಿರದ ಉತ್ತರ ಬೇರೆಲ್ಲೂ ಸಿಗದು. ಮೂರನೆಯ ರಾತ್ರಿಯ ಪ್ರಶ್ನೆಯನ್ನು ಮಾತ್ರ ಆಯಾ ಶಿಬಿರದವರಲ್ಲೇ ಕೇಳಬೇಕು: ರಾತ್ರಿ ವೈದ್ಯರೋ ನರ್ಸೋ ಇರುತ್ತಾರೆಯೇ, ಔಷಧಿ ಕೊಡುತ್ತಾರೆಯೇ? ಹಿಂದೆ ಫಿಟ್ಸ್ ಬಂದವರು, ಯಕೃತ್ತು ಕೆಟ್ಟವರು ಮೊದಲು ಆಸ್ಪತ್ರೆಯಲ್ಲಿ ಆ ವಾರ ದಾಟಿ, ಆಮೇಲೆ ಶಿಬಿರ ಸೇರುವುದು ಕ್ಷೇಮ. ಆಸ್ಪತ್ರೆ ಬೇಕೋ ಶಿಬಿರ ಬೇಕೋ ಎಂದು ಜಗಳಾಡುವವರನ್ನು ಕಂಡರೆ ನನಗೆ ಬೇಸರ. ಒಂದು ಮೊದಲು, ಇನ್ನೊಂದು ಆಮೇಲೆ, ಎರಡೂ ಇರಲಿ.

ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಎಎ ಸಭೆಗಳನ್ನೂ ಈ ಜಾತಿಗೇ ಸೇರಿಸಬಹುದು. ಅಮೆರಿಕದ ಓಹಾಯೊದಲ್ಲಿ 1935ರಲ್ಲಿ ಇಬ್ಬರು ಕುಡುಕರು ಶುರು ಮಾಡಿದ ಕೂಟವಿದು. ಶುಲ್ಕವಿಲ್ಲ, ಹಾಜರಿಯಿಲ್ಲ, ಪೂರ್ತಿ ಹೆಸರು ಕೇಳುವುದಿಲ್ಲ. ಚರ್ಚಿನ ಕೋಣೆಯಲ್ಲೋ ಶಾಲೆಯಲ್ಲೋ ಸಂಜೆ ಸೇರಿ, ಬಿಟ್ಟವರು ತಮ್ಮ ಕಥೆ ಹೇಳಿಕೊಳ್ಳುತ್ತಾರೆ. ಇದೆಲ್ಲ ಬರೀ ಮಾತು ಎಂದು ಮೂಗು ಮುರಿಯುತ್ತಿದ್ದವರ ಬಾಯಿ ಮುಚ್ಚಿಸಿದ್ದು ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆ. 27 ಅಧ್ಯಯನಗಳು, ಹತ್ತು ಸಾವಿರಕ್ಕೂ ಹೆಚ್ಚು ಜನರ ಫಲಿತಾಂಶಗಳನ್ನು ಕೂಡಿಸಿ ನೋಡಿದಾಗ, ಪೂರ್ತಿ ಬಿಟ್ಟು ಉಳಿಯುವ ವಿಷಯದಲ್ಲಿ ಎಎ ಕಡೆಗೆ ವ್ಯವಸ್ಥಿತವಾಗಿ ಒಯ್ಯುವ ಚಿಕಿತ್ಸೆ ಬೇರೆ ಮನಶ್ಶಾಸ್ತ್ರೀಯ ಚಿಕಿತ್ಸೆಗಳಿಗಿಂತ ಮೇಲಾಗಿಯೇ ಕಂಡಿತು. ದೇವರ ಮಾತು ಕೆಲವರಿಗೆ ಒಗ್ಗುವುದಿಲ್ಲ. ಒಂದು ಗುಂಪು ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಿ ನೋಡಬಹುದು.

ಮಾತ್ರೆಗಳ ನಡುವೆ

ಕುಡಿತ ನಿಂತ ಮೇಲೆ ತಿಂಗಳುಗಟ್ಟಲೆ ತೆಗೆದುಕೊಳ್ಳುವ ಮಾತ್ರೆಗಳಿವೆ ಎಂಬುದೇ ಬಹಳ ಮನೆಗಳಿಗೆ ಗೊತ್ತಿಲ್ಲ. ಗೊತ್ತಿರುವುದು ಒಂದೇ, “ತಗೊಂಡು ಕುಡಿದರೆ ವಾಂತಿಯಾಗುವ ಮಾತ್ರೆ”. ಅದು ಡೈಸಲ್ಫಿರಾಮ್. ರಬ್ಬರ್ ಉದ್ಯಮದಲ್ಲಿ ಬಳಸುವ ರಾಸಾಯನಿಕ ಇದು. ಅದಕ್ಕೆ ಒಡ್ಡಿಕೊಂಡ ಕಾರ್ಮಿಕರಿಗೆ ಮದ್ಯ ಮುಟ್ಟಿದರೆ ಆಗಿಬರುತ್ತಿರಲಿಲ್ಲ. 1940ರ ದಶಕದ ಕೊನೆಗೆ ಡೆನ್ಮಾರ್ಕಿನ ವಿಜ್ಞಾನಿಗಳು ಅದನ್ನೇ ಚಿಕಿತ್ಸೆಯಾಗಿಸಿದರು. ಮದ್ಯ ದೇಹದಲ್ಲಿ ಒಡೆಯುವಾಗ ಹುಟ್ಟುವ ಅಸಿಟಾಲ್ಡಿಹೈಡ್ ಎಂಬ ವಿಷವನ್ನು ಮುಂದೆ ಹೋಗಲು ಬಿಡದೆ ತಡೆಯುತ್ತದೆ. ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ತಲೆ ಸಿಡಿದು, ವಾಂತಿಯಾಗಿ ರಕ್ತದೊತ್ತಡ ಕುಸಿಯುತ್ತದೆ. ಮಾತ್ರೆ ನಿಲ್ಲಿಸಿದ ಮೇಲೂ ಈ ಪರಿಣಾಮ ಎರಡು ವಾರದವರೆಗೆ ಉಳಿಯಬಹುದು.

ಮುಂಬೈನಲ್ಲಿ ನೂರು ಗಂಡಸರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ವರ್ಷದ ಕೊನೆಗೆ ಡೈಸಲ್ಫಿರಾಮ್ ತೆಗೆದುಕೊಂಡವರಲ್ಲಿ ಶೇ 86, ನಾಲ್ಟ್ರೆಕ್ಸೋನ್ ಎಂಬ ಇನ್ನೊಂದು ಮಾತ್ರೆ ತೆಗೆದುಕೊಂಡವರಲ್ಲಿ ಶೇ 44 ಮಂದಿ ಕುಡಿಯದೆ ಉಳಿದಿದ್ದರು. ಈ ಅಂಕಿಯನ್ನು ನೋಡಿ ಹಿಗ್ಗುವ ಮೊದಲು ಅದರ ಹಿಂದಿರುವ ಷರತ್ತನ್ನು ಗಮನಿಸಿ. ಅವರೆಲ್ಲ ಮನೆಯವರ ಆಸರೆ ಇದ್ದವರು, ದಿನವೂ ಮನೆಯವರ ಕಣ್ಣೆದುರೇ ಮಾತ್ರೆ ನುಂಗಿದವರು. ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೇವೆ ಎಂಬುದೂ ಅವರಿಗೆ ಗೊತ್ತಿತ್ತು. ಹೆದರಿಕೆಯಿಂದ ಕೆಲಸ ಮಾಡುವ ಮಾತ್ರೆಗೆ ಅದೇ ಅರ್ಧ ಬಲ. ಬೆಳಿಗ್ಗೆ ಕಾಫಿಯ ಹೊತ್ತಿಗೆ ಮಾತ್ರೆಯನ್ನು ನೀರಿನಲ್ಲಿ ಕರಗಿಸಿ ಕೈಗೆ ಕೊಡುವ ಹೆಂಡತಿಯೋ ಅಮ್ಮನೋ ಇದ್ದರೆ ಈ ಮಾತ್ರೆಗೆ ಸಾಟಿಯಿಲ್ಲ. ಒಂಟಿಯಾಗಿ ರೂಮಿನಲ್ಲಿರುವವನಿಗೆ ಬರೆದುಕೊಟ್ಟರೆ ಮೂರನೆಯ ದಿನವೇ ಅದು ಕಿಟಕಿಯಾಚೆ ಬೀಳುತ್ತದೆ. ಹೃದ್ರೋಗ, ಯಕೃತ್ತಿನ ತೀವ್ರ ತೊಂದರೆ, ಭ್ರಮೆಯ ಕಾಯಿಲೆ ಇದ್ದವರಿಗೆ ಇದು ಬೇಡ. ತೆಗೆದುಕೊಳ್ಳುತ್ತಿರುವವರು ದ್ರಾಕ್ಷಾರಿಷ್ಟ, ಅಶ್ವಗಂಧಾರಿಷ್ಟದಂಥವನ್ನೂ ಕುಡಿಯಬಾರದು. ಅರಿಷ್ಟ, ಆಸವಗಳಲ್ಲಿ ತಾನಾಗಿ ಹುಟ್ಟಿದ ಮದ್ಯಸಾರವಿರುತ್ತದೆ. ಕೆಲವು ಕೆಮ್ಮಿನ ಸಿರಪ್‌ಗಳದ್ದೂ ಇದೇ ಕಥೆ.

ಇದನ್ನು ಗುಟ್ಟಾಗಿ ಸಾರಿನಲ್ಲಿ ಬೆರೆಸಿ ಕೊಡುವವರಿದ್ದಾರೆ. ದಯವಿಟ್ಟು ಬೇಡ. ತಿಳಿಯದೆ ನುಂಗಿದವನು ಎಂದಿನಂತೆ ಕುಡಿದು ರಸ್ತೆಯಲ್ಲಿ ಕುಸಿದರೆ ಏನಾಯಿತೆಂದು ವೈದ್ಯರಿಗೂ ತಿಳಿಯುವುದಿಲ್ಲ, ಪ್ರಾಣವೂ ಹೋಗಬಹುದು. ಗೋಡೆಗಳ ಮೇಲೆ, ಬಸ್ಸಿನ ಹಿಂಬದಿಯಲ್ಲಿ “ಕುಡಿಯುವವರಿಗೆ ತಿಳಿಯದಂತೆ ಬಿಡಿಸಿ” ಎಂದು ಬರೆಸಿಕೊಂಡ ಪುಡಿಗಳಲ್ಲಿ ಏನಿದೆ ಎಂದು ಹೇಳುವವರಿಲ್ಲ. ಅವುಗಳಿಂದ ಹಣ ಹೋಗುವುದು ಖಚಿತ, ಉಳಿದದ್ದು ಯಾವುದೂ ಖಚಿತವಲ್ಲ.

ನಾಲ್ಟ್ರೆಕ್ಸೋನ್ ಹೆದರಿಸುವುದಿಲ್ಲ, ಕುಡಿದಾಗ ಸಿಗುವ ಮಜಾವನ್ನೇ ಸಪ್ಪೆ ಮಾಡುತ್ತದೆ, ಆಸೆಯನ್ನು ತಗ್ಗಿಸುತ್ತದೆ. ಸಾಮಾನ್ಯವಾಗಿ ದಿನಕ್ಕೆ 50 ಮಿಲಿಗ್ರಾಂ. ಮಧ್ಯೆ ಒಂದು ದಿನ ಕುಡಿದರೂ ಡೈಸಲ್ಫಿರಾಮ್‌ನಂಥ ಅನಾಹುತವಿಲ್ಲ, ಆ ಒಂದು ದಿನ ಒಂದು ವಾರವಾಗಿ ಬೆಳೆಯುವುದನ್ನು ತಡೆಯಲು ನೆರವಾಗುತ್ತದೆ. ಟ್ರಮಡಾಲ್‌ನಂಥ ನೋವಿನ ಮಾತ್ರೆ ತಿನ್ನುವವರಿಗೆ ಆಗದು. ಬೆಲೆ ಡೈಸಲ್ಫಿರಾಮ್‌ಗಿಂತ ಹೆಚ್ಚು. ಅಕಾಂಪ್ರೊಸೇಟ್ ಯಕೃತ್ತಿಗೆ ಹೊರೆಯಲ್ಲ, ಮೂತ್ರಪಿಂಡದ ಮೂಲಕ ಹೋಗುತ್ತದೆ. ಹಾಗಾಗಿ ಲಿವರ್ ವರದಿ ಕೆಟ್ಟಿದ್ದು ಕಿಡ್ನಿ ಚೆನ್ನಾಗಿದ್ದವರಿಗೆ ಒಳ್ಳೆಯ ಆಯ್ಕೆ. ಕಷ್ಟವೆಂದರೆ ದಿನಕ್ಕೆ ಆರು ಮಾತ್ರೆ. ಹೊಲದ ಕೆಲಸ, ಗಾರೆ ಕೆಲಸದ ನಡುವೆ ಮಧ್ಯಾಹ್ನದ ಎರಡನ್ನು ಮರೆಯದವರು ಅಪರೂಪ. ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಸಿರೋಸಿಸ್ ಆದವರಿಗೆ ಬ್ಯಾಕ್ಲೊಫೆನ್ ಕೊಡುವುದುಂಟು. ಅದು ತೂಕಡಿಕೆ ತರುತ್ತದೆ, ತಟ್ಟನೆ ನಿಲ್ಲಿಸುವಂತಿಲ್ಲ.

ಮಾತಿನ ಚಿಕಿತ್ಸೆ ತಜ್ಞರೇ ಮಾಡಬೇಕಿಲ್ಲ

ಗೋವಾದಲ್ಲಿ ‘ಸಂಗಾತ್’ ಸಂಸ್ಥೆಯವರು ಒಂದು ಪ್ರಯೋಗ ಮಾಡಿದರು. ಮನಶ್ಶಾಸ್ತ್ರ ಓದದ ಸ್ಥಳೀಯರಿಗೆ ತರಬೇತಿ ಕೊಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೂರಿಸಿದರು. ಹಾನಿಕರ ಮಟ್ಟದಲ್ಲಿ ಕುಡಿಯುವ ಗಂಡಸರ ಜೊತೆ ಹೆಚ್ಚೆಂದರೆ ನಾಲ್ಕು ಬೈಠಕ್ ಮಾತುಕತೆ. 2017ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದಂತೆ ಮೂರು ತಿಂಗಳ ನಂತರ ಇವರಲ್ಲಿ ಶೇ 36 ಮಂದಿಯ ಕುಡಿತ ಹಾನಿಯ ಮಟ್ಟದಿಂದ ಕೆಳಗಿಳಿದಿತ್ತು, ಮಾಮೂಲಿ ಆರೈಕೆ ಪಡೆದವರಲ್ಲಿ ಶೇ 26. ವ್ಯತ್ಯಾಸ ಪವಾಡದ್ದಲ್ಲ, ಖರ್ಚು ನೋಡಿದರೆ ದೊಡ್ಡದೇ. ಮಧ್ಯಮ ಹಂತದಲ್ಲಿರುವವರು, “ನಾನೇನು ಕುಡುಕನಲ್ಲ” ಎನ್ನುವವರು ಕೇಂದ್ರದ ಬದಲು ಇಲ್ಲಿಂದ ಶುರು ಮಾಡಬಹುದು. ಯಾವ ಬಗೆಯ ಸಮಾಲೋಚನೆ ಶ್ರೇಷ್ಠ ಎಂಬ ಚರ್ಚೆಗೂ ಉತ್ತರವಿದೆ. ಅಮೆರಿಕದಲ್ಲಿ 1,726 ಜನರ ಮೇಲೆ ಮೂರು ವಿಧಾನಗಳನ್ನು ಪರೀಕ್ಷಿಸಿದ ‘ಪ್ರಾಜೆಕ್ಟ್ ಮ್ಯಾಚ್’ನಲ್ಲಿ ಮೂರರ ಫಲಿತಾಂಶವೂ ಹೆಚ್ಚು ಕಡಿಮೆ ಒಂದೇ ಬಂತು. ಹತ್ತಿರ ಸಿಗುವವರನ್ನು, ಮುಂದಿನ ವಾರವೂ ಸಿಗುವವರನ್ನು ಆರಿಸಿಕೊಳ್ಳಿ.

ಹೆಂಗಸರ ಕುಡಿತದ ಬಗ್ಗೆ ಒಂದು ಮಾತು. ಅದೇ ಪ್ರಮಾಣಕ್ಕೆ ಅವರ ಯಕೃತ್ತು ಬೇಗ ಕೆಡುತ್ತದೆ, ಚಿಕಿತ್ಸೆಗೆ ಬರುವುದು ಮಾತ್ರ ತಡ, ಮರ್ಯಾದೆಯ ಅಂಜಿಕೆ. ಗಂಡಸರೇ ತುಂಬಿದ ಕೇಂದ್ರಕ್ಕಿಂತ ಸಾಮಾನ್ಯ ಆಸ್ಪತ್ರೆಯ ಮನೋವೈದ್ಯ ವಿಭಾಗ ಅವರಿಗೆ ಅನುಕೂಲ.

ಮನೆಯವರಿಗೂ ಒಂದು ಆಯ್ಕೆಯಿದೆ: ಕುಡಿಯುವವರು ಬರಲೊಪ್ಪದಿದ್ದರೆ ತಾವೇ ಮೊದಲು ಹೋಗುವುದು. ಸಾಲ ತೀರಿಸುವುದು, ಕಚೇರಿಗೆ ಫೋನ್ ಮಾಡಿ “ಜ್ವರ” ಎಂದು ಸುಳ್ಳು ಹೇಳುವುದು, ರಾತ್ರಿ ಅಮಲಿನಲ್ಲಿದ್ದಾಗಲೇ ಬುದ್ಧಿ ಹೇಳುವುದು, ಇವನ್ನು ಹೇಗೆ ನಿಲ್ಲಿಸಬೇಕು ಎಂದು ಆಪ್ತಸಮಾಲೋಚಕರು ಹೇಳಿಕೊಡುತ್ತಾರೆ. ಮಾತಾಡುವುದಿದ್ದರೆ ಬೆಳಿಗ್ಗೆ, ಕೈ ನಡುಗುವ ಮುನ್ನ. ಮನೆಯವರಿಗಾಗಿಯೇ ಅಲ್-ಅನಾನ್ ಗುಂಪುಗಳಿವೆ. ಹೊಡೆತ ಬಡಿತವಿದ್ದರೆ ಚಿಕಿತ್ಸೆಗೆ ಕಾಯುತ್ತಾ ಕೂರುವ ಅಗತ್ಯವಿಲ್ಲ. ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ಬಿಡಿಸುವುದಕ್ಕಿಂತ ಹಿಡಿಯದಂತೆ ತಡೆಯುವುದು ಅಗ್ಗ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಅದು ಒಂದು ಮನೆಯ ಕೈಯಲ್ಲಿಲ್ಲ. ತೆರಿಗೆ ಏರಿಸುವುದು, ಅಂಗಡಿಗಳ ಸಂಖ್ಯೆ ಮತ್ತು ವೇಳೆಯನ್ನು ಮಿತಗೊಳಿಸುವುದು, ಜಾಹೀರಾತು ತಡೆಯುವುದು ಫಲ ಕೊಡುವ ಕ್ರಮಗಳೆಂದು ವಿಶ್ವ ಆರೋಗ್ಯ ಸಂಸ್ಥೆ ಪಟ್ಟಿ ಮಾಡಿದೆ. ಕರ್ನಾಟಕ 2007ರ ಜುಲೈ 1ರಿಂದ ಸಾರಾಯಿ ನಿಷೇಧಿಸಿತು. ಆ ಜಾಗಕ್ಕೆ ಅಗ್ಗದ ಸಣ್ಣ ಪ್ಯಾಕೆಟ್ ಮದ್ಯ ಬಂದು ಕೂತಿತು. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದು ಕೇಳಿದ್ದು ಮದ್ಯ ನಿಷೇಧವನ್ನೇ. ಸರ್ಕಾರದ ಬೊಕ್ಕಸ ಮದ್ಯದ ಮೇಲೆ ನಿಂತಿರುವವರೆಗೆ ಈ ಬೇಡಿಕೆ ಸುಲಭವಾಗಿ ಈಡೇರದು.

ಮತ್ತೆ ಕುಡಿದರೆ

ಆರು ತಿಂಗಳು ಬಿಟ್ಟು, ಒಂದು ಮದುವೆಯಲ್ಲಿ ಕುಡಿದು ಬಂದ ದಿನ “ಎಲ್ಲ ನೀರಲ್ಲಿ ಹೋಮ” ಎಂದು ಮನೆಯವರು ಕೂಗಾಡುತ್ತಾರೆ, ಮರುದಿನ ಹೊಸ ಕೇಂದ್ರ ಹುಡುಕುತ್ತಾರೆ. ಹೊಸ ಜಾಗ ಬೇಡ. ಹಳೆಯ ವೈದ್ಯರಲ್ಲಿಗೇ ಆ ವಾರವೇ ಹೋಗಿ. ಏನು ಕೆಲಸ ಮಾಡಿತು, ಎಲ್ಲಿ ತಪ್ಪಿತು ಎಂಬುದು ಅವರಿಗೆ ಗೊತ್ತಿರುತ್ತದೆ. ಒಂದೆರಡು ದಿನದ ಕುಡಿತವಾದರೆ ಮತ್ತೆ ದಾಖಲಾಗುವ ಅಗತ್ಯ ಸಾಮಾನ್ಯವಾಗಿ ಬೀಳದು, ಮಾತ್ರೆ ಬದಲಿಸಿ ಮುಂದುವರಿಸುತ್ತಾರೆ. ವಾರಗಟ್ಟಲೆ ಕುಡಿದಿದ್ದರೆ ಮಾತ್ರ ಮನೆಯಲ್ಲಿ ಹಠ ಹಿಡಿದು ನಿಲ್ಲಿಸಬೇಡಿ. ಪ್ರತಿ ಸಲ ಬಿಡುವಾಗಲೂ ನಡುಕ ಮತ್ತು ಫಿಟ್ಸ್ ಹಿಂದಿನದಕ್ಕಿಂತ ಜೋರಾಗಬಹುದು. ಡೈಸಲ್ಫಿರಾಮ್ ನಡೆಯುತ್ತಿದ್ದಾಗ ಕುಡಿದಿದ್ದರೆ, ಎದೆ ನೋವು, ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪುವಂಥದ್ದು ಕಂಡ ಕೂಡಲೇ ತುರ್ತು ವಿಭಾಗಕ್ಕೆ ಒಯ್ದು, ಯಾವ ಮಾತ್ರೆ ಎಂದು ಮೊದಲ ಮಾತಿನಲ್ಲೇ ಹೇಳಿ.

ಹೋಗುವಾಗ ಹಳೆಯ ಚೀಟಿಗಳು, ಲಿವರ್ ವರದಿ, ಈಗ ನುಂಗುತ್ತಿರುವ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳು ಇವನ್ನೆಲ್ಲ ಒಂದು ಕವರಿನಲ್ಲಿ ಹಾಕಿಕೊಳ್ಳಿ. ಕೊನೆಯ ಸಲ ಕುಡಿದದ್ದು ಎಷ್ಟು ಹೊತ್ತಿಗೆ, ಎಷ್ಟು ಎಂದು ಬರೆದಿಟ್ಟುಕೊಳ್ಳಿ. ಎಲ್ಲಿಗೆ ಹೋಗಬೇಕೆಂದು ಇನ್ನೂ ತೋಚದಿದ್ದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕುಡಿಯುವವರೇ ಕರೆ ಮಾಡಬೇಕೆಂದಿಲ್ಲ.